ಉಪ್ಪಿನಲ್ಲಿ ಕುಳಿತ ಸಾಕ್ಷಿ

"ಮೊದಲ ಆ ಭಜಿ ಕೆಳಗಿಡ್ರಿ," ಎಂದರು ಡಾಕ್ಟರ್ ಶಿವಕಾಂತಾ. "ಇದನ್ನ ನೋಡಿದ ಮ್ಯಾಲ ಅದು ನಿಮ್ಮ ಗಂಟಲದಾಗ ಇಳಿಯಂಗಿಲ್ಲ."

ಪತ್ತೇದಾರ ಬಸವಂತರಾಯ ಕೈಯಲ್ಲಿದ್ದ ಮಿರ್ಚಿ ಭಜಿಯನ್ನು ನೋಡಿದ. ಆಮೇಲೆ ಡಾಕ್ಟರಮ್ಮನ ಮುಖ ನೋಡಿದ. ಜೇವರ್ಗಿಯಿಂದ ಆಳಂದದವರೆಗೆ ಎಂಥೆಂಥ ಹೆಣ ಕಂಡರೂ ಊಟ ಬಿಟ್ಟವನಲ್ಲ ಈ ಆಸಾಮಿ. ಆದರೆ ಶಿವಕಾಂತಾ ಅವರ ದನಿಯಲ್ಲಿ ಇವತ್ತು ಏನೋ ಹುರುಪಿತ್ತು. ಅವನು ಅರ್ಧ ಭಜಿಯನ್ನು ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

ಗುಲ್ಬರ್ಗಾದ ದವಾಖಾನೆಯಲ್ಲಿ ಹೆಣ ಕೊಯ್ಯುವ ಆ ಸಣ್ಣ ಕೋಣೆಯ ಮೇಜಿನ ಮೇಲೆ ಗಾಜಿನ ಭರಣಿಯೊಂದಿತ್ತು. ಒಳಗೆ ಅಫಜಲಪುರದ ಎಣ್ಣೆ ಗಿರಣಿ ಮಾಲೀಕ ನಾಗಣ್ಣನ ಗುಂಡಿಗೆ.

ಹೋದ ವಾರ ಆಳಂದದಲ್ಲಿ ಹೀರಾಬಾಯಿಯ ಖಾನಾವಳಿಯಲ್ಲಿ ಊಟಕ್ಕೆ ಕುಳಿತ ನಾಗಣ್ಣ ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಕುಸಿದು ಸತ್ತಿದ್ದ. ವಿಷ ಹಾಕಿದ್ದಾಳೆಂದು ನಾಗಣ್ಣನ ತಮ್ಮ ಮಲ್ಲಣ್ಣ ಕೊಟ್ಟ ದೂರಿನ ಮೇಲೆ ನಿನ್ನೆ ಹೀರಾಬಾಯಿಯನ್ನು ಹಿಡಿದು ಠಾಣೆಯಲ್ಲಿ ಕೂರಿಸಿದ್ದರು. ಇವತ್ತು ಮಧ್ಯಾಹ್ನ ಅವಳನ್ನು ಕೋರ್ಟಿಗೆ ಒಯ್ದರೆ ಅಲ್ಲಿಂದ ಸೀದಾ ಜೈಲು.

"ಒಂದು ವಾರ ಮಣ್ಣಾಗಿದ್ದ ಹೆಣ ಏನು ಹೇಳೀತು ಅಂತ ಅಂಜಿದ್ದೆ," ಎಂದ ಬಸವಂತರಾಯ.

"ನಮ್ಮ ಮಂದಿ ಪದ್ಧತಿನೇ ನಿಮ್ಮ ಕೇಸ್ ಉಳಿಸ್ಯದ. ಸುಟ್ಟಿದ್ರ ಇವತ್ತು ನಾ ಬೂದಿ ಮುಂದ ಕುಂಡ್ರಬೇಕಾಗಿತ್ತು. ಕೂಡಿಸಿ, ಸುತ್ತ ಉಪ್ಪು, ವಿಭೂತಿ ತುಂಬಿ ಮಣ್ಣು ಕೊಟ್ಟಾರ. ಮ್ಯಾಲ ಈ ಥಂಡಿ ಬ್ಯಾರೆ. ಉಪ್ಪಿನ್ಯಾಗ ಕುಂತ ಮನುಷ್ಯ ನೋಡ್ರಿ, ಹೇಳೋದನ್ನ ಹೇಳ್ಯಾನ."

ಶಿವಕಾಂತಾ ಸರಸಂಬಾದ ಹೆಣ್ಣುಮಗಳು. ಹೆಣ ಕೊಯ್ಯುವ ಕೆಲಸ ಹಿಡಿದಾಗ ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತ್ತು. ಅವರು ಯಾರ ಮೂಗನ್ನೂ ಲೆಕ್ಕಕ್ಕಿಟ್ಟವರಲ್ಲ. ಚಿಮಟಿಯಿಂದ ಗುಂಡಿಗೆಯ ಮುಂಭಾಗದ ರಕ್ತನಾಳವೊಂದನ್ನು ಎತ್ತಿ, ಉದ್ದಕ್ಕೆ ಸೀಳಿದ್ದ ಜಾಗವನ್ನು ತೋರಿಸಿದರು.

ಗುಂಡಿಗೆಗೆ ರಕ್ತ ಒಯ್ಯುವ ನಾಳ ಅದು. ಒಳಗೋಡೆಯ ಮೇಲೆ ಹಳದಿ ಬಣ್ಣದ ಗಡ್ಡೆ ಎದ್ದು ನಿಂತಿತ್ತು. ಗಡ್ಡೆಯ ನೆತ್ತಿಯಲ್ಲಿ ಸಣ್ಣ ಬಿರುಕು. ಬಿರುಕಿನ ಮೇಲೆ ಕಪ್ಪಗಾದ ರಕ್ತದ ಹೆಪ್ಪೊಂದು ದಾರಿಗೆ ಪೂರ್ತಿ ಬಿರಡೆ ಹಾಕಿತ್ತು.

"ಸತ್ತ ಮ್ಯಾಲ ರಕ್ತ ಹೆಪ್ಪುಗಟ್ಟಿರಬೇಕು?" ಬಸವಂತರಾಯ ವಕೀಲನಂತೆ ಕೇಳಿದ.

"ಸತ್ತ ಮ್ಯಾಲ ಕಟ್ಟಿದ ಹೆಪ್ಪು ಜಾರಿ ಕೈಗೆ ಬರ್ತದ. ಇದು ಗ್ವಾಡಿಗಿ ಕಚ್ಚಿಕೊಂಡದ. ಜೀವ ಇದ್ದಾಗ ಆದದ್ದು."

"ಹಂಗಾದ್ರ ಗೆದ್ದಂಗಾಯ್ತಲ್ರಿ!"

"ಎಲ್ಲಿ ಗೆದ್ದೀರಿ? ಮಲ್ಲಣ್ಣನ ಕೈಯಾಗ ಏನದ ಗೊತ್ತಿಲ್ಲೇನು?"

ಗೊತ್ತಿತ್ತು. ಆಳಂದದಿಂದ ಅಫಜಲಪುರದವರೆಗೆ ಎಲ್ಲರಿಗೂ ಗೊತ್ತಿತ್ತು. ನಾಗಣ್ಣ ಸಾಯುವ ಎರಡು ವಾರ ಮೊದಲು ಸೊಲ್ಲಾಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದ. ಕೊಲೆಸ್ಟರಾಲ್ ಎಷ್ಟಿರಬೇಕೋ ಅಷ್ಟೇ ಇತ್ತು. ಆ ರಿಪೋರ್ಟನ್ನು ತಮ್ಮ ಮಲ್ಲಣ್ಣ ದೇವರ ಪಟದಂತೆ ಎಲ್ಲರಿಗೂ ತೋರಿಸುತ್ತ ತಿರುಗುತ್ತಿದ್ದ. ಕೊಬ್ಬು ಸರಿಯಿದ್ದ ಮನುಷ್ಯನ ಗುಂಡಿಗೆ ನಿಲ್ಲುವುದು ಹೇಗೆ? ನಿಂತಿತೆಂದರೆ ಯಾರೋ ನಿಲ್ಲಿಸಿದ್ದಾರೆ. ಅವನ ವಾದ ಇಷ್ಟೇ. ಕೇಳಿದವರಿಗೆಲ್ಲ ಅದು ಸರಿ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಈ ಗಳಿಗೆಯವರೆಗೆ ಬಸವಂತರಾಯನಿಗೂ ಅದಕ್ಕೆ ಉತ್ತರ ಹೊಳೆದಿರಲಿಲ್ಲ.

"ರಿಪೋರ್ಟ್ ಸುಳ್ಳಿರಬೇಕು," ಎಂದ.

"ರಿಪೋರ್ಟ್ ಖರೇ ಅದ. ಈ ಗಡ್ಡಿನೂ ಖರೇ ಅದ. ಬರ್ರಿ ಇಲ್ಲಿ."

ಅವರು ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಬಸವಂತರಾಯ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ, ಕೊನೆಗೆ ಎರಡನ್ನೂ ಮುಚ್ಚಿ ಬೈಸಿಕೊಂಡ. ಸರಿಯಾಗಿ ನೋಡಿದಾಗ ಕಂಡಿದ್ದು ನೊರೆ. ಸಾಬೂನಿನ ನೊರೆಯ ಹಾಗೆ ಗುಳ್ಳೆ ಗುಳ್ಳೆಯಾಗಿ ಒತ್ತೊತ್ತಾಗಿ ಕೂತ ಕಣಗಳು. ಕೆಲವು ಅಳಿಸಿಹೋಗಿದ್ದವು, ಕೆಲವು ಇನ್ನೂ ಗಟ್ಟಿಯಾಗಿದ್ದವು.

"ಇವು ಯಾರ್ರಿ?"

"ಪೊಲೀಸರು," ಎಂದು ನಕ್ಕರು ಶಿವಕಾಂತಾ. "ರಕ್ತದಾಗಿನ ಕಾವಲು ಕಣಗಳು. ಮಾಲು ತಿಂದು ತಿಂದು ಹಿಂಗಾಗ್ಯಾವ."

ಮುಂದಿನ ಅರ್ಧ ಗಂಟೆ ಅವರು ಹೇಳಿದರು, ಇವನು ಕೇಳಿದ. ನಡುವೆ ಒಮ್ಮೆಯೂ ಕೈ ಜೇಬಿನ ಕಡೆ ಹೋಗಲಿಲ್ಲ. ಕೇಳಿ ಮುಗಿದ ಮೇಲೆ ಎದ್ದು ನಿಂತು ಅಂಗಿಯ ತೋಳು ಮಡಚಿದ.

"ಭರಣಿ ತಗೋರಿ ಡಾಕ್ಟರ್. ಆಳಂದಕ್ಕ ಹೋಗೋಣು."

*

ಕಡಗಂಚಿಯಲ್ಲಿ ಬಸವಂತರಾಯ ಜೀಪು ನಿಲ್ಲಿಸಿ ಕಿರಾಣಿ ಅಂಗಡಿಗೆ ನುಗ್ಗಿದ. ಹೊಸದಾಗಿ ಗಾಣದಿಂದ ಬಂದ ಕುಸುಬಿ ಎಣ್ಣೆ ಒಂದು ಬಾಟಲಿ ತೂಗಿಸಿಕೊಂಡ. ಆಮೇಲೆ ಅಂಗಡಿಯವನ ಹೆಂಡತಿಯ ಹತ್ತಿರ ಅದೇನೋ ಪಿಸುಗುಟ್ಟಿದ. ಅವಳು ಇವನಿಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿ, ಹಿತ್ತಲ ಕಿಟಕಿಯಲ್ಲಿ ಬೇಸಿಗೆಯಿಂದ ಬಾಯಿ ತೆರೆದು ಬಿದ್ದಿದ್ದ ಡಬ್ಬಿಯಿಂದ ಇನ್ನೊಂದು ಬಾಟಲಿ ತುಂಬಿಸಿ ಕೊಟ್ಟಳು. ಅದನ್ನೂ ಅಷ್ಟೇ ತೂಕಕ್ಕೆ ತೂಗಿಸಿದ.

"ಅಡಗಿ ಮಾಡಾಕತ್ತೀರೇನು?" ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ ಶಿವಕಾಂತಾ ಕೇಳಿದರು.

"ಮಲ್ಲಣ್ಣಗ ಉಣಸಬೇಕಾಗ್ಯದ."

ರಸ್ತೆಯ ಎರಡೂ ಬದಿ ಹಿಂಗಾರಿ ಜೋಳ ಮೊಣಕಾಲುದ್ದ ನಿಂತಿತ್ತು. ಬಸವಂತರಾಯನ ಮನಸ್ಸು ಮಾತ್ರ ಹೀರಾಬಾಯಿಯ ಖಾನಾವಳಿಯಲ್ಲಿತ್ತು. ಅಲ್ಲಿ ಗೋಡೆಯ ಮೇಲೆ ಬುದ್ಧನ ಪಟ. ಅದರ ಕೆಳಗೆ ಊಟ. ಬಡಿದ ರೊಟ್ಟಿಯ ಮೇಲೆ ಅವಳ ಬೆರಳಿನ ಗುರುತು ಇನ್ನೂ ಹಸಿಯಾಗಿ ಇರುತ್ತಿತ್ತು. ನಾಗಣ್ಣ ಶರಣರ ಮನೆತನದವನು. ಆಳಂದಕ್ಕೆ ಬಂದಾಗಲೆಲ್ಲ ಬಜಾರದ ನಾಲ್ಕು ಜನ ನೋಡುವಂತೆ ಆ ಪಟದ ಕೆಳಗೇ ಕುಳಿತು ಉಣ್ಣುತ್ತಿದ್ದ. ಬಾಯಲ್ಲಿ ಬಸವಣ್ಣನ ಹೆಸರು ಹೇಳಿ ಹೊಟ್ಟೆಗೆ ಮಾತ್ರ ಜಾತಿ ನೋಡುವವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಮಲ್ಲಣ್ಣನಿಗೆ ಇದೇ ಎದೆಯುರಿ. ಅಣ್ಣ ಅಲ್ಲಿ ಸತ್ತ ಎಂದು ಕೇಳಿದ ಗಳಿಗೆಯಲ್ಲೇ ಅವನು ಅಪರಾಧಿಯನ್ನು ಗೊತ್ತುಮಾಡಿದ್ದ. ಪುರಾವೆ ಹುಡುಕಿದ್ದು ಆಮೇಲೆ.

ಹೀರಾಬಾಯಿಯ ಒಲೆ ಆವತ್ತಿನಿಂದ ತಣ್ಣಗಿತ್ತು. ಅವಳು ಕೊಟ್ಟ ನೀರನ್ನು ಕೂಡ ಯಾರೂ ಮುಟ್ಟುತ್ತಿರಲಿಲ್ಲ. ಬಸವಂತರಾಯನಿಗೆ ಸಿಟ್ಟು ಬಂತು. ಆ ಮುಟ್ಟದವರಲ್ಲಿ ತನ್ನ ನೆಂಟರೂ ಇದ್ದಾರೆಂದು ನೆನಪಾಗಿ ನಾಚಿಕೆಯೂ ಆಯಿತು.

*

ಠಾಣೆಯ ಗೇಟಿನ ಹೊರಗೆ ಜಾತ್ರೆಯಷ್ಟು ಜನ. ಒಳಗೆ ಇನ್ಸ್‌ಪೆಕ್ಟರ್ ರಾಜೇಸಾಬರ ಮೇಜಿನ ಒಂದು ಪಕ್ಕಕ್ಕೆ ಮಲ್ಲಣ್ಣ ಕುಳಿತಿದ್ದ. ಇಸ್ತ್ರಿ ಮಾಡಿದ ಧೋತರ, ಎದೆಯ ಜೇಬಿನಲ್ಲಿ ಆ ರಿಪೋರ್ಟು. ಅವನ ಹಿಂದಿನ ಬೆಂಚಿನಲ್ಲಿ ನಾಗಣ್ಣನ ಹೆಂಡತಿ ಗುರುಶಾಂತಮ್ಮ ತಲೆತುಂಬ ಸೆರಗು ಹೊದ್ದು ಕೂತಿದ್ದಳು. ಎದುರಿನ ಗೋಡೆಗೆ ಒರಗಿ ನೆಲದ ಮೇಲೆ ಹೀರಾಬಾಯಿ.

ಬಸವಂತರಾಯ ಒಳಗೆ ಬಂದವನೇ ಕಾನ್‌ಸ್ಟೇಬಲನಿಗೆ ಹೇಳಿದ: "ಆ ಹೆಣ್ಣಮಗಳಿಗಿ ಖುರ್ಚಿ ಹಾಕು."

"ನಾ ಇಲ್ಲೇ ಛಲೋ ಅದೀನ್ರಿ ಸಾಹೇಬ್ರ," ಎಂದಳು ಹೀರಾಬಾಯಿ.

"ನೀ ಛಲೋ ಇರಬಹುದು. ನನಗ ನೋಡಲಿಕ್ಕಾಗಂಗಿಲ್ಲ."

ಖುರ್ಚಿ ಬಂತು. ರಾಜೇಸಾಬ ಗಡಿಯಾರ ನೋಡಿಕೊಂಡ. "ರಾಯರ, ಜಲ್ದಿ ಹೇಳ್ರಿ. ವ್ಯಾನ್ ತಯಾರ್ ಅದ. ಕೋರ್ಟಿಗಿ ಹೋಗೋ ವಕ್ತ್ ಆಯ್ತು."

"ಹೊಟ್ಟಿ ಪರೀಕ್ಷೆ ಬಂದದ ಇನ್ಸ್‌ಪೆಕ್ಟರ್," ಎಂದರು ಶಿವಕಾಂತಾ. "ಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಯ. ವಿಷ ಇಲ್ಲ."

ಮಲ್ಲಣ್ಣ ನಕ್ಕ. "ವಾರ ಮಣ್ಣಾಗಿದ್ದ ಹೆಣ ಅದು, ಡಾಕ್ಟರ್ ಬಾಯಿ. ವಿಷ ಅಲ್ಲೇ ಕುಂತಿರ್ತದೇನು ನಿಮ್ಮ ದಾರಿ ಕಾಯ್ಕೋತ? ನಮ್ಮ ಅಣ್ಣನ ಮೈ ನೀಲಿ ಆಗಿದ್ದು ನನ್ನ ಕಣ್ಣಾರೆ ನೋಡೇನಿ."

"ಎಲ್ಲೆಲ್ಲಿ ನೀಲಿ ಆಗಿತ್ತು?" ಬಸವಂತರಾಯ ಮೆಲ್ಲಗೆ ಕೇಳಿದ.

"ಕಾಲು. ಮೊಣಕಾಲ ತನಕಾ ಕರ್ರಗ. ಅಂಗೈನೂ."

"ಮಾರಿ?"

ಮಲ್ಲಣ್ಣ ನೆನಪಿಸಿಕೊಂಡ. "ಮಾರಿ ಬೆಳ್ಳಗಿತ್ತು."

"ಎದಿ?"

"ಎದಿಗಿ ಏನೂ ಆಗಿದ್ದಿಲ್ಲ."

"ಆಳಂದದಿಂದ ಹೆಣ ತಂದ ಮ್ಯಾಲ ಹ್ಯಾಂಗ ಇಟ್ಟಿದ್ರಿ?"

"ಹ್ಯಾಂಗ ಇಡ್ತಾರ? ನಮ್ಮ ಪದ್ಧತಿ. ಗ್ವಾಡಿಗಿ ಒರಗಿಸಿ ಕೂಡಿಸಿದ್ವಿ. ರಾತ್ರಿಯೆಲ್ಲ ಭಜನಿ ಆಯ್ತು. ಪುಣೆದಿಂದ ಮಗಳು ಬರೋದಿತ್ತು, ಮರುದಿನ ಸಂಜಿಗಿ ಮಣ್ಣು ಕೊಟ್ವಿ."

"ಉಳಿದವರಿಗಾದ್ರ ಅವತ್ತೇ ಮಣ್ಣು ಕೊಡ್ತೀರಿ, ಹೌದಿಲ್ಲೋ? ಕಾಲ ಮ್ಯಾಲ ಧೋತರ ಹೊದಿಸಿರ್ತೀರಿ. ಯಾರೂ ಎತ್ತಿ ನೋಡಂಗಿಲ್ಲ. ಈ ಸಲ ಒಂದು ರಾತ್ರಿ, ಒಂದು ಹಗಲು ಕೂಡಿಸಿದ್ರಿ. ಗುಂಡಗಿ ನಿಂತ ಮ್ಯಾಲ ರಕ್ತ ಎಲ್ಲಿಗಿ ಹೋಗ್ತದ ಮಲ್ಲಣ್ಣ? ತೆಳಗ ಇಳೀತದ. ಕುಂತ ಹೆಣಕ್ಕ ಕಾಲು, ಕೈ ಕರ್ರಗಾಗ್ತಾವ, ಮಾರಿ ಬೆಳ್ಳಗಾಗ್ತದ. ವಿಷ ಆಗಿದ್ರ ಮೊಣಕಾಲಿಗಿ ಬಂದು ನಿಂತಿರ್ತಿತ್ತೇನು?"

ರಾಜೇಸಾಬ ಡಾಕ್ಟರಮ್ಮನ ಕಡೆ ನೋಡಿದ. ಅವರು ತಲೆಯಾಡಿಸಿದರು. ಇನ್ಸ್‌ಪೆಕ್ಟರ್ ಮೀಸೆಯ ತುದಿಯನ್ನು ಒಮ್ಮೆ ಎಳೆದುಕೊಂಡ. ಈ ಮನುಷ್ಯ ಮೀಸೆ ಎಳೆದುಕೊಂಡನೆಂದರೆ ಅರ್ಧ ಒಪ್ಪಿದ ಲೆಕ್ಕ.

"ಹಂಗಿದ್ರ ಸತ್ತದ್ದು ಯಾತಕ್ಕ?" ಮಲ್ಲಣ್ಣನ ದನಿ ಏರಿತು. "ಗಟ್ಟಿಮುಟ್ಟ ಆಳು. ಸುಮ್ಮಸುಮ್ಮನ ಸಾಯ್ತಾನೇನು?"

ಶಿವಕಾಂತಾ ಭರಣಿಯನ್ನು ಮೇಜಿನ ಮೇಲಿಟ್ಟು ಬಟ್ಟೆ ತೆಗೆದರು. ಗುರುಶಾಂತಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಹೀರಾಬಾಯಿ ಗೋಡೆಯ ಕಡೆ ತಿರುಗಿದಳು. ಡಾಕ್ಟರಮ್ಮ ಹಳದಿ ಗಡ್ಡೆ, ಬಿರುಕು, ಕಪ್ಪು ಹೆಪ್ಪು ಎಲ್ಲವನ್ನೂ ಇನ್ಸ್‌ಪೆಕ್ಟರಿಗೆ ತೋರಿಸಿದರು.

ಮಲ್ಲಣ್ಣ ಎದ್ದು ನಿಂತ. "ಇದು ನಮ್ಮ ಅಣ್ಣನ ಗುಂಡಗಿನೇ ಅಲ್ಲ!"

"ಗೋರಿ ತೆಗೆದಾಗ ಅತನೂರದಾಗಿನ ನಿಮ್ಮ ಹೊಲದಾಗ ನಾ ಖುದ್ ನಿಂತಿದ್ದೆ," ಎಂದ ರಾಜೇಸಾಬ ಸಿಟ್ಟಿನಿಂದ. "ನಾನೇ ಮೊಹರು ಹೊಡೆದೇನಿ. ಮಾತು ಜರಾ ಸಂಭಾಳಸ್ರಿ."

"ಹಂಗಾದ್ರ ಇದು?" ಮಲ್ಲಣ್ಣ ರಿಪೋರ್ಟನ್ನು ಮೇಜಿಗೆ ಬಡಿದ. "ಕೊಲೆಸ್ಟರಾಲ್ ಬರೋಬ್ಬರಿ ಅದ! ಕೊಬ್ಬೇ ಇಲ್ಲದ ಮನುಷ್ಯಾಗ ಕೊಬ್ಬಿನ ಗಡ್ಡಿ ಎಲ್ಲಿಂದ ಬಂತು? ಸೊಲ್ಲಾಪುರದ ದವಾಖಾನಿ ಸುಳ್ಳೋ, ಈ ಡಾಕ್ಟರ್ ಬಾಯಿ ಸುಳ್ಳೋ? ಒಂದು ಹೇಳ್ರಿ!"

ಗೇಟಿನಲ್ಲಿ ಕಿವಿಯಾಗಿ ನಿಂತಿದ್ದ ಜನ ಒಳಕ್ಕೆ ಕತ್ತು ಚಾಚಿದರು. ಮಲ್ಲಣ್ಣನ ತುರುಪಿನ ಎಲೆ ಇದೇ. ಬಸವಂತರಾಯ ಇದಕ್ಕಾಗಿಯೇ ಕಾದಿದ್ದ. ಒಳಗೊಳಗೇ ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಮುಖ ಗಂಭೀರವಾಗಿ ಇಟ್ಟುಕೊಳ್ಳಲು ಕೆಮ್ಮಬೇಕಾಯಿತು.

ಚೀಲದಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ.

"ಮಲ್ಲಣ್ಣ, ನೀವು ಹುಟ್ಟಿದಾಗಿಂದ ಗಿರಣ್ಯಾಗ ಬೆಳೆದವರು. ಈ ಕುಸುಬಿ ಎಣ್ಣಿ ಜರಾ ನೋಡಿ ಹೇಳ್ರಿ, ಯಾವುದು ತಗೋತೀರಿ?"

"ಏನು ಹುಡುಗಾಟ ಇದು?"

"ಹುಡುಗಾಟ ಅಂತ ತಿಳಕೊಂಡಾದ್ರೂ ನೋಡ್ರಿ."

ಎಣ್ಣೆಯವನ ಮುಂದೆ ಎಣ್ಣೆ ಇಟ್ಟರೆ ಕೈ ಸುಮ್ಮನಿರುತ್ತದೆಯೇ? ಮಲ್ಲಣ್ಣ ಬೈಯುತ್ತಲೇ ಮೊದಲ ಬಾಟಲಿಯ ಬಿರಡೆ ತೆಗೆದು ಮೂಗಿಗೆ ಹಿಡಿದ. "ತಾಜಾ ಮಾಲು. ಮೊನ್ನೆ ಗಾಣದಿಂದ ಇಳಿದದ್ದು." ಎರಡನೆಯದನ್ನು ತೆರೆದವನೇ ಮುಖ ಹಿಂಡಿದ. "ಥೂ! ಕಮಟು ಹೊಡೆದದ. ಎಲ್ಲಿ ಗಾಳಿಗಿ, ಬಿಸಿಲಿಗಿ ತೆರೆದಿಟ್ಟಿದ್ರಿ ಇದನ್ನ?"

"ಎರಡೂ ತೂಗಿಸೇನಿ. ಗುಂಜಿ ಹೆಚ್ಚುಕಮ್ಮಿ ಇಲ್ಲ."

"ತೂಕ ತಗೊಂಡು ಏನ್ಮಾಡ್ತೀರಿ? ಕೆಟ್ಟದ್ದು ಕೆಟ್ಟದ್ದೇ!"

"ಅಂದ್ರ ತೂಕ ಸರಿ ಇದ್ರ ಮಾಲು ಸರಿ ಇರಬೇಕಂತೇನಿಲ್ಲ?"

"ತಕ್ಕಡಿ ನೋಡಿ ಎಣ್ಣಿ ಪಾಸ್ ಮಾಡಿದವ ಮನಿ ಮುಳುಗಿಸ್ತಾನ್ರಿ. ಮೂಸಿ ನೋಡಬೇಕು."

ಬಸವಂತರಾಯ ರಿಪೋರ್ಟನ್ನು ಎರಡು ಬೆರಳಿನಿಂದ ಎತ್ತಿ ಹಿಡಿದ. "ಇದರಾಗ ಸೊಲ್ಲಾಪುರದವರು ನಿಮ್ಮ ಅಣ್ಣನ ಕೊಬ್ಬು ತೂಗ್ಯಾರ ಮಲ್ಲಣ್ಣ. ಮೂಸಿ ನೋಡಿಲ್ಲ."

ಮಲ್ಲಣ್ಣ ಒಮ್ಮೆ ರಿಪೋರ್ಟು, ಒಮ್ಮೆ ಬಾಟಲಿ ನೋಡಿದ. ಬಾಟಲಿ ಇನ್ನೂ ಅವನ ಕೈಯಲ್ಲೇ ಇತ್ತು.

"ಬಿಡಿಸಿ ಹೇಳ್ರಿ ಡಾಕ್ಟರ್," ಎಂದ ರಾಜೇಸಾಬ. ಈಗ ಅವನು ಗಡಿಯಾರ ನೋಡುವುದನ್ನು ಬಿಟ್ಟಿದ್ದ.

"ಕೊಬ್ಬು ರಕ್ತದಾಗ ತಾನೇ ತಿರಗಂಗಿಲ್ಲ," ಶಿವಕಾಂತಾ ಶುರುಮಾಡಿದರು. "ಅದನ್ನ ಹೊತ್ತುಕೊಂಡು ಹೋಗೋ ಸಣ್ಣ ಸಣ್ಣ ಕಣಗಳಿರ್ತಾವ. ಒಳಗ ಕೊಬ್ಬು, ಮ್ಯಾಲ ಪ್ರೋಟೀನಿನ ಹೊದಿಕಿ. ಮೈಯಾಗಿನ ಒಂದೊಂದು ಜೀವಕೋಶಕ್ಕೂ ಬಾಗಲದ. ಹೊದಿಕಿ ನೋಡಿ ಗುರ್ತು ಹಿಡಿದು ಒಳಗ ಬಿಡ್ತಾವ. ಸಾಕಾದ್ರ ಬಾಗಲ ಮುಚ್ತಾವ. ಅಲ್ಲೀತನಕ ಏನೂ ತಕರಾರಿಲ್ಲ."

"ಮತ್ತ?"

"ಕೆಲವು ಕಣ ರಕ್ತನಾಳದ ಗ್ವಾಡಿ ಒಳಗ ಸಿಕ್ಕಿ ಕುಂಡ್ರತಾವ. ಅಲ್ಲಿ ಅವಕ್ಕ ಆಕ್ಸಿಜನ್ ಹತ್ತಿ ಕೆಡ್ತಾವ, ಈ ಎಣ್ಣಿ ಕೆಟ್ಟಂಗ. ಒಳಗಿನ ಕೊಬ್ಬು ಕಮಟಾಗ್ತದ, ಮ್ಯಾಲಿನ ಹೊದಿಕಿನೂ ಬದಲಾಗ್ತದ. ಆಗ ಹಳೇ ಬಾಗಲದಾಗ ಅದರ ಗುರ್ತು ಹತ್ತಂಗಿಲ್ಲ. ಅದನ್ನ ನುಂಗಲಿಕ್ಕ ಕಾವಲು ಕಣಗಳು ಬರ್ತಾವ. ಅವುಕ್ಕ ಬ್ಯಾರೆ ಬಾಗಲದ. ಆ ಬಾಗಲ ಮುಚ್ಚಂಗೇ ಇಲ್ಲ."

"ಎಷ್ಟು ಬಂದ್ರೂ ನುಂಗತಾವ?"

"ಹೊಟ್ಟಿ ಒಡೆಯೋತನಕ. ನುಂಗಿ ನುಂಗಿ ನೊರಿ ಆಗ್ತಾವ, ಅಲ್ಲೇ ಸಾಯ್ತಾವ. ಸತ್ತವುಗಳ ರಾಶಿನೇ ಈ ಹಳದಿ ಗಡ್ಡಿ. ಮ್ಯಾಲ ತೆಳು ಪದರ ಮುಚ್ಚಿಕೊಂಡು ವರ್ಷಗಟ್ಟಲೆ ಸುಮ್ಮನ ಕುಂತಿರ್ತದ. ಒಂದಿನ ಪದರ ಬಿರಿತದ. ರಕ್ತ ಗಾಯ ಆಯ್ತು ಅಂತ ತಿಳಿದು ಅಲ್ಲೇ ಹೆಪ್ಪುಗಟ್ಟತದ. ದಾರಿ ಬಂದ್. ಗುಂಡಗಿ ಬಂದ್."

ರಾಜೇಸಾಬ ಭರಣಿಯ ಹತ್ತಿರ ಬಗ್ಗಿ ನೋಡಿದ. ಅವನ ಕೈ ತನಗೇ ಗೊತ್ತಿಲ್ಲದಂತೆ ತನ್ನ ಎದೆಯ ಮೇಲೆ ಹೋಗಿತ್ತು.

"ಇದರ ಮ್ಯಾಲ ದೊಡ್ಡ ದೊಡ್ಡವರು ಇನ್ನೂ ಸಂಶೋಧನೆ ಮಾಡಾಕತ್ತಾರ," ಎಂದರು ಡಾಕ್ಟರಮ್ಮ. "ಎಲ್ಲಾ ತಿಳಿದದ ಅಂತ ನಾ ಹೇಳಂಗಿಲ್ಲ. ಆದ್ರ ಕಣ ಎಷ್ಟವ ಅನ್ನೋದಷ್ಟೇ ನೋಡಿದ್ರ ಸಾಲದು, ಹ್ಯಾಂಗವ ಅಂತನೂ ನೋಡಬೇಕು ಅನ್ನೋದು ಗಟ್ಟಿ. ನಾಗಣ್ಣನವರು ಬೀಡಿ ಸೇದತಿದ್ರೇನು?"

"ಒಂದರ ಬೆಂಕಿಲೆ ಇನ್ನೊಂದು ಹಚ್ಚತಿದ್ರು," ಎಂದಳು ಹೀರಾಬಾಯಿ. ಇಷ್ಟು ಹೊತ್ತಿಗೆ ಅವಳು ಮಾತಾಡಿದ್ದು ಇದೇ ಎರಡನೇ ಸಲ. "ಅವತ್ತೂ ಬೀಡಿ ಹಚ್ಚಿಕೊಂಡೇ ಬಂದ್ರು. ದವಡಿ ನೋಯಾಕತ್ತದ ಹೀರಾಬಾಯಿ, ಎಡಗೈ ಜೋಮು ಹಿಡಿದದ, ಹಲ್ಲಿನ ತ್ರಾಸ ಇರಬೇಕು ಅಂದ್ರು. ಬೆವರು ಇಳೀತಿತ್ತು. ಮೊದಲ ತುತ್ತು ಇನ್ನಾ ಬಾಯಿಗಿ ಇಟ್ಟಿದ್ದಿಲ್ಲ. ನಾ ಇದನ್ನ ಎಲ್ಲರಿಗೂ ಹೇಳೇನ್ರಿ. ಯಾರೂ ಕಿವಿಗಿ ಹಾಕ್ಕೊಳ್ಳಲಿಲ್ಲ."

"ಊಟಕ್ಕಿಂತ ಮೊದಲೇ!" ರಾಜೇಸಾಬ ಮೇಜು ಕುಟ್ಟಿದ.

"ಅದು ಹಲ್ಲಿಂದಲ್ಲ, ಗುಂಡಗಿದು," ಎಂದರು ಶಿವಕಾಂತಾ. "ಬೀಡಿ ಹೊಗಿ ಈ ಕಣಗಳನ್ನ ಜಲ್ದಿ ಕೆಡಸ್ತದ. ಮತ್ತ ಇದೇ ರಿಪೋರ್ಟಿನ ತೆಳಗಿನ ಸಾಲು ಓದ್ರಿ ಮಲ್ಲಣ್ಣ. ಕೊಲೆಸ್ಟರಾಲ್ ಓದಿ ಅಲ್ಲೇ ನಿಂತೀರಿ. ಸಕ್ಕರಿ ಎಷ್ಟದ?"

ಮಲ್ಲಣ್ಣ ಓದಿದ. ಇರಬೇಕಾದ್ದಕ್ಕಿಂತ ದುಪ್ಪಟ್ಟಿತ್ತು.

"ರಕ್ತದಾಗಿನ ಸಕ್ಕರಿ ಆ ಕಣದ ಹೊದಿಕಿಗಿ ಮೆತ್ತಿಕೊಳ್ತದ. ಅದೂ ಒಂದು ಕೇಡು. ಒಂದು ಕಡೆ ಹೊಗಿ, ಒಂದು ಕಡೆ ಸಕ್ಕರಿ. ನಿಮ್ಮ ಅಣ್ಣನ ಮೈಯಾಗ ಕೊಬ್ಬು ಹೆಚ್ಚಿದ್ದಿಲ್ಲ. ಇದ್ದಷ್ಟು ಕೆಟ್ಟಿತ್ತು."

ಮಲ್ಲಣ್ಣ ನಿಧಾನವಾಗಿ ಕುಳಿತ. ಕಮಟು ಎಣ್ಣೆಯ ಬಾಟಲಿಯನ್ನು ಮತ್ತೆ ಮೂಗಿನ ಹತ್ತಿರ ಒಯ್ದು, ಬಿರಡೆ ಹಾಕಿ ಮೇಜಿನ ಮೇಲಿಟ್ಟ. ಹಟ ಬಿಡಲು ಮನಸ್ಸಿರಲಿಲ್ಲ. ಆದರೆ ತನ್ನ ಮೂಗು ಹೇಳಿದ್ದನ್ನು ತಾನೇ ಸುಳ್ಳೆನ್ನುವುದು ಎಣ್ಣೆ ವ್ಯಾಪಾರಿಯಿಂದ ಆಗುವ ಕೆಲಸವಲ್ಲ.

"ಬೀಡಿ ಬಿಡು ಅಂದ್ರ ಅಂವಾ ನನಗ ಬೈತಿದ್ದ," ಎಂದ ಕೊನೆಗೆ. "ನಾ ಅಂವಗ ಬೈತಿದ್ದೆ, ಅಲ್ಲಿ ಉಣಬ್ಯಾಡ ಅಂತ. ಬೈಯೋ ವಿಷಯದಾಗೇ ನಾ ತಪ್ಪಿದೆ."

ಬಸವಂತರಾಯ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದ. ಗೆದ್ದ ಮೇಲೆ ಸೋತವನ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಚಟ ಅವನಿಗಿರಲಿಲ್ಲ.

ರಾಜೇಸಾಬ ಎದ್ದು ನಿಂತ. ಟೋಪಿ ಸರಿಮಾಡಿಕೊಂಡ. "ಹೀರಾಬಾಯಿ, ನಿನ್ನ ಮ್ಯಾಲಿನ ಶಕ್ ತೆಗೆದು ಹಾಕಾಕತ್ತೇನಿ. ಕೋರ್ಟಿಗಿ ನಾನೇ ಹೋಗಿ ಹೇಳ್ತೇನಿ. ನೀ ಮನಿಗಿ ನಡಿ. ಹೋಗಿ ಒಲಿ ಹಚ್ಚು. ಸಂಜಿಗಿ ನಾ ಉಣ್ಣಾಕ ಬರ್ತೇನಿ, ಇದೇ ವರ್ದಿ ಮ್ಯಾಲ, ಬಜಾರದ ಮಂದಿ ಮುಂದ."

ಹೀರಾಬಾಯಿ ಏಳಲು ಹೋದಳು, ಆಗಲಿಲ್ಲ. ಖುರ್ಚಿಯ ಕೈ ಹಿಡಿದುಕೊಂಡು ಹೋ ಎಂದು ಅತ್ತುಬಿಟ್ಟಳು. ಗೇಟಿನಲ್ಲಿ ಯಾರೋ ಸೀಟಿ ಹೊಡೆದರು. "ಬಿಟ್ಟರು! ಹೀರಾಬಾಯಿಗ ಬಿಟ್ಟರು!" ಎಂಬ ಕೂಗು ಬಜಾರದ ಕಡೆ ಓಡಿತು. ನಿನ್ನೆ ಅವಳ ನೀರು ಮುಟ್ಟದಿದ್ದ ಗಂಟಲುಗಳೇ ಅವು. ಇರಲಿ, ಇವತ್ತು ಸರಿಯಾಗಿ ಕೂಗುತ್ತಿದ್ದವು. ಬಸವಂತರಾಯನ ಕಣ್ಣೂ ಒದ್ದೆಯಾಯಿತು. ಅವನು ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಇಷ್ಟು ವರ್ಷಗಳಲ್ಲಿ ಕಳ್ಳರನ್ನು ಹಿಡಿದಾಗ ಆಗದಷ್ಟು ಸಂತೋಷ ಒಬ್ಬ ಸಾಚಾ ಹೆಣ್ಣುಮಗಳನ್ನು ಬಿಡಿಸಿದಾಗ ಆಗಿತ್ತು.

ಆಗ ಗುರುಶಾಂತಮ್ಮ ಬೆಂಚಿನಿಂದ ಎದ್ದಳು. ಎಲ್ಲರೂ ಅವಳು ಹೀರಾಬಾಯಿಯ ಹತ್ತಿರ ಹೋಗುತ್ತಾಳೆ ಅಂದುಕೊಂಡರು. ಅವಳು ಹೋಗಿದ್ದು ಡಾಕ್ಟರಮ್ಮನ ಹತ್ತಿರ.

"ಯವ್ವಾ, ಖರೇ ಹೇಳು. ಅವರ ಹೊಟ್ಯಾಗ ರೊಟ್ಟಿ, ಬದನಿಕಾಯಿ ಬಿಟ್ರ ಬ್ಯಾರೆ ಏನೂ ಇದ್ದಿಲ್ಲ?"

"ಏನೂ ಇದ್ದಿಲ್ಲವ್ವ."

"ಸಿಹಿ?"

"ಇಲ್ಲ. ನಾನೇ ನೋಡೇನಲ್ಲ."

ಗುರುಶಾಂತಮ್ಮ ಸೆರಗು ಸರಿಸಿದಳು. ವಾರದಿಂದ ನಿದ್ದೆ ಕಾಣದ ಮುಖ ಅದು. ಅದು ಎಲ್ಲರ ಕಣ್ಣೆದುರೇ ಹಗುರಾಯಿತು. ಅವಳು ಕೈ ಮುಗಿದಳು, ಯಾರಿಗೆಂದು ತಿಳಿಯಲಿಲ್ಲ.

"ಹಂಗಾದ್ರ ಅವರು ನನ್ನ ಕೈಲೆ ಸತ್ತಿಲ್ಲ."

ಬಾಗಿಲ ಕಡೆ ಹೊರಟಿದ್ದ ರಾಜೇಸಾಬ ಅಲ್ಲೇ ನಿಂತ. ಮಲ್ಲಣ್ಣ ತಲೆ ಎತ್ತಿದ. "ವೈನಿ, ಏನಂದ್ರಿ?"

"ಅವತ್ತ ಮುಂಜಾನಿ ಹೊಂಡುವಾಗ ಶೇಂಗಾದ ಹೋಳಿಗಿ ಕಟ್ಟಿ ಕೊಟ್ಟಿದ್ದೆ. ತೊಗರಿಗಿ ಹೊಡಿಯೋ ಹುಳದ ಔಷಧ ಅದರ ಹೂರಣದಾಗ ನಾನೇ ಕಲಸಿದ್ದೆ." ಅವಳು ಇನ್ನೂ ಸಮಾಧಾನದ ದನಿಯಲ್ಲೇ ಹೇಳುತ್ತಿದ್ದಳು, ಎದೆಯ ಭಾರ ಇಳಿಸುವವರ ಹಾಗೆ. "ಯಾಕ ಅಂತ ಆಮ್ಯಾಲ ಕೇಳ್ರಿ, ಎಲ್ಲಾ ಹೇಳತೇನಿ. ವಾರದಿಂದ ನಾನೇ ಕೊಂದೆ ಅಂತ ಸಾಯಾಕತ್ತಿದ್ದೆ. ಅವರು ಅದನ್ನ ಮುಟ್ಟೇ ಇಲ್ಲ. ಗಂಟು ಬಿಚ್ಚೇ ಇಲ್ಲ."

ಅಷ್ಟು ಹೇಳಿದವಳು ತಟ್ಟನೆ ನಿಂತಳು. ಈಗಷ್ಟೇ ಬಂದ ನಿರಾಳ ಮುಖದಿಂದ ಜಾರಿಹೋಯಿತು. ಅವಳು ಮಲ್ಲಣ್ಣನನ್ನು ನೋಡಿದಳು, ಹೀರಾಬಾಯಿಯನ್ನು ನೋಡಿದಳು. ಹೆಣದ ಜೊತೆ ಯಾವ ಗಂಟೂ ಮನೆಗೆ ಬರಲಿಲ್ಲವೆಂದು ಮಲ್ಲಣ್ಣ, ಅಂಥ ಗಂಟನ್ನೇ ಕಂಡಿಲ್ಲವೆಂದು ಹೀರಾಬಾಯಿ ತಲೆಯಾಡಿಸಿದರು. ಶೇಂಗಾದ ಹೋಳಿಗೆ ತಿಂಗಳಿಟ್ಟರೂ ಕೆಡುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗುರುಶಾಂತಮ್ಮ ಬಸವಂತರಾಯನ ಎರಡೂ ಕೈ ಹಿಡಿದುಕೊಂಡಳು.

"ಅವರು ತಿಂದಿಲ್ಲಂದ್ರ ರಾಯರ, ಆ ಗಂಟು ಈಗ ಯಾರ ಮನ್ಯಾಗ ಅದ?"